ಜೇಲಿಗೆ ಹೋಗುವ ಮುಂಚೆ ಆಡಿದ ಮಾತು

2019ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಒಂದು ಆಡಿಯೊ ಮೊಬೈಲಿನಿಂದ ಮೊಬೈಲಿಗೆ ಹಾರಿ ನಮ್ಮ ಕಡೆಗೂ ಬಂದಿತ್ತು. ಐಎಂಎ ಕಂಪನಿಯ ಮನ್ಸೂರ್ ಖಾನ್ ಅದರಲ್ಲಿ ಮಾತಾಡಿದ್ದ. ರಾಜಕಾರಣಿಗಳಿಗೆ, ಅಧಿಕಾರಿಗಳಿಗೆ ಲಂಚ ಕೊಟ್ಟು ಸಾಕಾಗೇದ, ಇನ್ನ ಜೀವಾ ಕಳಕೋತೀನಿ ಅನ್ನೋ ಧಾಟಿ. ಠೇವಣಿ ಇಟ್ಟ ಸಾವಿರಾರು ಮಂದಿ ಅಂಗಡಿ ಮುಂದೆ ಬಂದು ಅಳುತ್ತ ನಿಂತರು. ಅವನು ಆಗಲೇ ದುಬೈಗೆ ಹೋಗಿದ್ದ. ಜುಲೈ 19ಕ್ಕೆ ದಿಲ್ಲಿಯ ವಿಮಾನ ನಿಲ್ದಾಣದಲ್ಲಿ ಅವನನ್ನು ಹಿಡಿದರು.

ಆ ಆಡಿಯೊ ಕೇಳಿದ ಹಿರಿಯರೊಬ್ಬರು ಕಟ್ಟೆಯ ಮೇಲೆ ಕೂತು ಹೇಳಿದ್ದರು: "ಅವ ಹ್ಯಾಂಗರ ಇರವಲ್ಲನ್ಯಾಕ, ಈಗ ಖರೇ ಹೇಳಾಕತ್ಯಾನಲ್ಲ." ಆ ಮಾತು ನನ್ನ ತಲೆಯಿಂದ ಹೋಗಿಲ್ಲ. ಸಿಕ್ಕಿಬೀಳುವ ಹೊತ್ತಿಗೆ ಬಂದ ಖರೇ ಮಾತಿಗೆ ಬೆಲೆ ಎಷ್ಟು?

ಮನ್ಸೂರ್ ಖಾನ್ ಮೇಲಿನ ಆರೋಪ ಕೋರ್ಟಿನ ವಿಚಾರ, ಅದನ್ನು ಕೋರ್ಟೇ ನೋಡಲಿ. ಶಿಕ್ಷೆಯಾದ ಮೇಲೆ ಮಾತಾಡಿದ ಒಬ್ಬನನ್ನು ನೋಡೋಣ. ಅಮೆರಿಕದವ, ಹೆಸರು ರಯಾನ್ ಸಲಾಮೆ. ಕ್ರಿಪ್ಟೊ ಅಂದರೆ ಕೈಯಲ್ಲಿ ಹಿಡಿಯಲು ಬಾರದ, ಕಂಪ್ಯೂಟರಿನ ಲೆಕ್ಕದಲ್ಲೇ ಇರುವ ನಾಣ್ಯ. ಅದನ್ನು ಕೊಂಡು ಮಾರುವ ಎಫ್‌ಟಿಎಕ್ಸ್ ಎಂಬ ಪೇಟೆ 2022ರ ನವೆಂಬರಿನಲ್ಲಿ ದಿವಾಳಿಯಾಯಿತು. ಗಿರಾಕಿಗಳ ಸುಮಾರು 800 ಕೋಟಿ ಡಾಲರ್ ಇರಬೇಕಾದ ಜಾಗದಲ್ಲಿ ಇರಲಿಲ್ಲ, ಒಡೆಯನದೇ ಇನ್ನೊಂದು ಕಂಪನಿಗೆ ಹೋಗಿತ್ತು. ನಾವು ಅಡತಿ ಅಂಗಡ್ಯಾಗ ತೊಗರಿ ಇಟ್ಟು ಬಂದಿರ್ತೀವಿ, ಅಡತಿಯವ ನಮಗ ಹೇಳದೇ ಅದನ್ನ ಮಾರಿ ತನ್ನ ಇನ್ನೊಂದು ಧಂದೆಕ್ಕ ಹಾಕಿದಂಗ. ಒಡೆಯ ಸ್ಯಾಮ್ ಬ್ಯಾಂಕ್‌ಮನ್-ಫ್ರೈಡ್‌ಗೆ 25 ವರ್ಷ ಜೇಲಾಯಿತು. ಬಹಾಮಾಸ್ ದ್ವೀಪದ ಶಾಖೆ ನೋಡುತ್ತಿದ್ದ ಸಲಾಮೆಗೆ ಏಳೂವರೆ ವರ್ಷ. ಪರವಾನಗಿ ಇಲ್ಲದೆ ಹಣ ಸಾಗಿಸುವ ಧಂದೆ ನಡೆಸಿದ್ದನ್ನೂ, ಚುನಾವಣೆಗೆ ಕಾನೂನು ಮೀರಿ ದೇಣಿಗೆ ಕೊಟ್ಟಿದ್ದನ್ನೂ ಅವನು ಒಪ್ಪಿಕೊಂಡಿದ್ದ.

ಆಮೇಲೆ ಬಾಯಿ ಬಿಟ್ಟ. ಸಂದರ್ಶನ ಕೊಟ್ಟ. ತಪ್ಪೊಪ್ಪಿಕೊಂಡರೆ ನನ್ನ ಸಂಗಾತಿಯ ಗೋಜಿಗೆ ಹೋಗುವುದಿಲ್ಲ ಎಂದು ಸರಕಾರಿ ವಕೀಲರು ನಂಬಿಸಿ, ಮಾತು ಮುರಿದರು ಎಂದು ದೂರಿದ. 2024ರ ಅಕ್ಟೋಬರ್ 11ಕ್ಕೆ ಜೇಲಿಗೆ ಹಾಜರಾಗಬೇಕಿತ್ತು. ಅದಕ್ಕೆ ಮುಂಚೆ, ಜನ ತಮ್ಮ ನೌಕರಿಯ ಸುದ್ದಿ ಹಾಕುವ ಲಿಂಕ್ಡ್‌ಇನ್‌ನಲ್ಲಿ, ಹೊಸ ಹುದ್ದೆಗೆ ಸೇರುತ್ತಿದ್ದೇನೆ, ಹುದ್ದೆ ಕೈದಿ ಅಂತ ಚೇಷ್ಟೆ ಬೇರೆ ಮಾಡಿದ. ರೊಕ್ಕ ಹೋದವರು ಅದನ್ನ ಓದಿ ನಕ್ಕಿರಲಿಕ್ಕಿಲ್ಲ.

ಅವನ ದೂರೆಲ್ಲ ಸುಳ್ಳೆಂದು ನಾನು ಹೇಳುವುದಿಲ್ಲ. ಹೆಂಡತಿ ಮಕ್ಕಳ ಹೆಸರು ಹೇಳಿ ಅಂಜಿಸುವುದು ನಮ್ಮ ಠಾಣೆಗಳಿಗೂ ಹೊಸದಲ್ಲ. ಇನ್ನೊಂದು ಮಾತು ಅವನ ಪರವಾಗಿಯೇ ಇದೆ. ಕಂಪನಿ ದಿವಾಳಿ ಅರ್ಜಿ ಹಾಕುವ ಎರಡು ದಿನ ಮುಂಚೆ, ನವೆಂಬರ್ 9ಕ್ಕೆ, ಗಿರಾಕಿಗಳ ಹಣ ಅತ್ತ ಹೋಗಿದೆ ಎಂದು ಬಹಾಮಾಸ್ ಸರಕಾರದ ಅಧಿಕಾರಿಗಳಿಗೆ ತಿಳಿಸಿದವನೂ ಅವನೇ. ಆದರೆ ಅದೇ ದಿನಗಳಲ್ಲಿ ತನ್ನ ಸ್ವಂತದ 50 ಲಕ್ಷ ಡಾಲರನ್ನು ಅಲ್ಲಿಂದ ತೆಗೆದುಕೊಂಡಿದ್ದ. ಹಡಗು ಮುಳುಗುವಾಗ ಮೊದಲು ದೋಣಿ ಹತ್ತಿದವ ನೀನು ಎಂಬರ್ಥದ ಮಾತನ್ನು ಜಡ್ಜ್ ಲೂಯಿಸ್ ಕಪ್ಲಾನ್ ಅವನಿಗೆ ಹೇಳಿದರು. ವಕೀಲರು ಕೇಳಿದ್ದಕ್ಕಿಂತ ಶಿಕ್ಷೆಯೂ ಹೆಚ್ಚೇ ಆಯಿತು.

ಒಬ್ಬನೇ ಮನುಷ್ಯ, ಖರೇನೂ ಹೇಳಿದ, ರೊಕ್ಕಾನೂ ತಗೊಂಡ. ಕಟ್ಟೆಯ ಹಿರಿಯರ ಮಾತು ಇಲ್ಲಿ ಪೂರಾ ನಿಲ್ಲುವುದಿಲ್ಲ ಅನಿಸುತ್ತದೆ. ಅವನು ಮಂದಿಯ ಬಗ್ಗೆ ಹೇಳಿದ್ದು ಖರೇ ಇದ್ದರೆ ಅದನ್ನು ತನಿಖೆಯ ಖಾತೆಗೆ ಜಮಾ ಮಾಡಬೇಕು, ಬಾಯಿ ಹೊಲಸೆಂದು ಬಿಸಾಡಬಾರದು. ಅವನ ಸಾಲದ ಖಾತೆಯಲ್ಲಿ ಮಾತ್ರ ಅದರಿಂದ ಒಂದು ಪೈಸೆಯೂ ಕಡಿಮೆ ಆಗದು. ನಾವು ಎರಡೂ ಖಾತೆ ಕೂಡಿಸಿಬಿಡುತ್ತೇವೆ. ದೊಡ್ಡವರ ಹೆಸರು ಕೇಳುವ ಹುರುಪಿನಲ್ಲಿ ಹೇಳುವವನ ಪಾಲೆಷ್ಟು ಅಂತ ಕೇಳುವುದೇ ಮರೆಯುತ್ತದೆ.

ಇದನ್ನು ನಾನು ಪೇಪರ್ ಓದಿ ಕಲಿತಿಲ್ಲ. ಕೆಲ ವರ್ಷಗಳ ಹಿಂದೆ ತಿಂಗಳಿಗೆ ಇಷ್ಟು ಬಡ್ಡಿ ಅನ್ನುವ ಒಂದು ಸ್ಕೀಮಿಗೆ ನಾನೂ ಸೇರಿದ್ದೆ, ನಮ್ಮ ಸೋದರತ್ತೆಯನ್ನೂ ಸೇರಿಸಿದ್ದೆ. ಎಮ್ಮೆ ಮಾರಿದ 40 ಸಾವಿರ ಆಕೆಯದು. ಮಾಸ್ತರ ಹೇಳ್ಯಾನಂದ್ರ ಸುಳ್ಳ ಇರಂಗಿಲ್ಲ ಅಂತ ಕೊಟ್ಟಿದ್ದಳು. ಆಫೀಸಿಗೆ ಕೀಲಿ ಬಿದ್ದ ವಾರ ಆಕೆಯ ಮನೆಗೆ ಹೋಗಿ ಒಂದು ತಾಸು ಮಾತಾಡಿದೆ. ಸೊಲ್ಲಾಪುರದ ಏಜೆಂಟ ಹಿಂಗ ಮಾಡಿದ, ಮ್ಯಾಲಿನವರು ಹಂಗ ಮಾಡಿದರು, ನಾನೂ ಮುಳಗೇನಿ. ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಮುಂದೆ ಎದುರಾದವರಿಗೆಲ್ಲ ಅದನ್ನೇ ಹೇಳಬೇಕು ಅಂತ ಲೆಕ್ಕ ಹಾಕಿಕೊಂಡೂ ಇದ್ದೆ.

ಅತ್ತೆ ಜ್ವಾಳ ಹಸನ ಮಾಡುತ್ತ ಕೂತಿದ್ದಳು. ಮರ ಕೆಳಗಿಟ್ಟು, "ಅದೆಲ್ಲಾ ಇರ್ಲಿ ತಮ್ಮಾ, ನನ್ನ ಸೇರಿಸಿದ್ದಕ್ಕ ನಿನಗೆಷ್ಟ ಬಂತು?" ಅಂದಳು.

ಎರಡು ಸಾವಿರ ಕಮಿಷನ್ ಬಂದಿತ್ತು. ಆ ತಾಸಿನ ಮಾತಿನಲ್ಲಿ ಅದೊಂದನ್ನು ನಾನು ಎತ್ತಿರಲಿಲ್ಲ. ಹೇಳಿದೆ. "ಅಷ್ಟರ ಕೊಡು" ಅಂದಳು. ಮರುದಿನ ಕೊಟ್ಟುಬಂದೆ. ಉಳಿದ ಮೂವತ್ತೆಂಟು ಸಾವಿರದ ಮಾತು ಆಕೆ ಎತ್ತಿಲ್ಲ, ನಾನೂ ಇನ್ನೂ ಎತ್ತಿಲ್ಲ.