ಸರದಿ ನ್ಯಾಯವಾಗಿದ್ದರೆ ಸಾಕೇ?

ಅಂಗಾಂಗ ದಾನದ ಮಾತು ಬಂದಾಗಲೆಲ್ಲ ನಮ್ಮಲ್ಲಿ ಚರ್ಚೆ 'ಕೊಡಬಹುದೇ, ಕೊಡಬಾರದೇ' ಎಂಬಲ್ಲಿಗೆ ನಿಂತುಬಿಡುತ್ತದೆ. 1988ರಲ್ಲಿ ಜಿದ್ದಾದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್‌ಹ್ ಅಕಾಡೆಮಿಯು ಷರತ್ತುಗಳೊಂದಿಗೆ ಅದನ್ನು ಅನುಮತಿಸಿತು, ಮಾರಾಟವನ್ನು ನಿಷೇಧಿಸಿತು. ಭಾರತದ ಉಲಮಾಗಳಲ್ಲಿ ಭಿನ್ನಾಭಿಪ್ರಾಯ ಇಂದಿಗೂ ಇದೆ. ಅದು ಅಗತ್ಯವಾದ ಚರ್ಚೆಯೇ. ಆದರೆ ಅದರಾಚೆಗೆ ಇನ್ನೊಂದು ಪ್ರಶ್ನೆಯಿದೆ, ಅದನ್ನು ನಾವು ಕೇಳುವುದೇ ಅಪರೂಪ. ಕೊಟ್ಟದ್ದು ಯಾರಿಗೆ ಸಲ್ಲಬೇಕು? ಮೂತ್ರಪಿಂಡ ಒಂದೇ, ಕಾದಿರುವವರು ನೂರಾರು ಮಂದಿ ಎಂದಾದರೆ, ಯಾರನ್ನು ಕರೆಯಬೇಕು?

'ಯೋಗ್ಯರಿಗೆ ಕೊಡಿ' ಎಂದು ಕೆಲವರು ಹೇಳಬಹುದು. ಆ ಪ್ರಯೋಗ ನಡೆದು ಹೋಗಿದೆ. ಡಯಾಲಿಸಿಸ್ ಹೊಸದಾಗಿದ್ದ 1962ರಲ್ಲಿ ಅಮೆರಿಕದ ಸಿಯಾಟಲ್ ನಗರದಲ್ಲಿ ಯಂತ್ರಗಳು ಕೆಲವೇ ಇದ್ದವು, ರೋಗಿಗಳು ಹಲವರು. ಆಯ್ಕೆಗಾಗಿ ಏಳು ಮಂದಿಯ ಸಮಿತಿಯೊಂದು ರಚನೆಯಾಯಿತು. ವಿವಾಹ, ಮಕ್ಕಳು, ಆದಾಯ, ಉದ್ಯೋಗ, ಚರ್ಚಿನೊಡನೆ ಇರುವ ಸಂಬಂಧ ಎಲ್ಲವನ್ನೂ ಅದು ತೂಗಿ ನೋಡಿತು. ಅಂದರೆ ತಮ್ಮಂತೆ ಬದುಕುವವರನ್ನು ಅವರು ಯೋಗ್ಯರೆಂದು ಬಗೆದರು. ಜನ ಅದನ್ನು 'ದೇವರ ಸಮಿತಿ' ಎಂದು ಕರೆದರು. ಆ ಹೆಸರಿನಲ್ಲೇ ಅದರ ಮೇಲಿನ ಆಕ್ಷೇಪವೂ ಇದೆ.

ನಮ್ಮ ವಿದ್ವಾಂಸರಿಗೂ ಈ ಇಕ್ಕಟ್ಟು ಅಪರಿಚಿತವಲ್ಲ. 1111ರಲ್ಲಿ ನಿಧನರಾದ ಇಮಾಮ್ ಗಝ್ಝಾಲಿಯವರು 'ಅಲ್ ಮುಸ್ತಸ್ಫಾ' ಗ್ರಂಥದಲ್ಲಿ ಮುಳುಗುತ್ತಿರುವ ಹಡಗೊಂದರ ಉದಾಹರಣೆಯನ್ನು ಚರ್ಚಿಸುತ್ತಾರೆ. ಒಬ್ಬನನ್ನು ನೀರಿಗೆಸೆದರೆ ಉಳಿದವರೆಲ್ಲ ಪಾರಾಗುತ್ತಾರೆ. ಆದರೂ ಎಸೆಯುವಂತಿಲ್ಲ ಎಂಬುದು ಅವರ ತೀರ್ಮಾನ. ಅಂಗಾಂಗ ಹಂಚಿಕೆಯ ಸ್ಥಿತಿ ಇದಕ್ಕಿಂತ ಬೇರೆ ನಿಜ. ಇಲ್ಲಿ ಯಾರನ್ನೂ ಎಸೆಯುತ್ತಿಲ್ಲ, ಒಬ್ಬರನ್ನು ಎತ್ತಿಕೊಳ್ಳುತ್ತಿದ್ದೇವೆ. ಆದರೆ ಹಡಗಿನ ಪಾಠ ಇಲ್ಲಿಗೂ ಅನ್ವಯಿಸುತ್ತದೆ. ಒಂದು ಜೀವದ ಬೆಲೆಯನ್ನು ಇನ್ನೊಂದರ ಎದುರು ತೂಗುವ ತಕ್ಕಡಿ ಮನುಷ್ಯನ ಕೈಯಲ್ಲಿಲ್ಲ. ದಾನಿಯ ದೇಹದಿಂದ ಹೊರಬಂದ ಅಂಗ ಒಂದು ಅಮಾನತ್ತು. ಅದನ್ನು ಹಂಚುವವನು ಅದರ ಒಡೆಯನಲ್ಲ.

ಈ ದೃಷ್ಟಿಯಿಂದ ನೋಡಿದರೆ ನಮ್ಮ ರಾಜ್ಯದ ವ್ಯವಸ್ಥೆ ಮೆಚ್ಚತಕ್ಕದ್ದು. 1994ರ ಕಾಯ್ದೆ ಅಂಗಾಂಗ ಮಾರಾಟವನ್ನು ಅಪರಾಧವೆಂದಿತು. ಮೃತರಿಂದ ದೊರೆತ ಅಂಗಗಳ ಹಂಚಿಕೆಗಾಗಿ 2007ರಲ್ಲಿ ಆರಂಭವಾದ ವಲಯ ಸಮನ್ವಯ ಸಮಿತಿ ಇಂದು 'ಜೀವಸಾರ್ಥಕತೆ' ಎಂಬ ಹೆಸರಿನಲ್ಲಿ ಕೆಲಸ ಮಾಡುತ್ತಿದೆ. ರಕ್ತದ ಗುಂಪು ಹೊಂದಬೇಕು. ಮೂತ್ರಪಿಂಡಕ್ಕಾದರೆ ಎಷ್ಟು ಕಾಲದಿಂದ ಡಯಾಲಿಸಿಸ್‌ನಲ್ಲಿದ್ದಾರೆ, ಮಕ್ಕಳೇ, ಸೂಜಿ ಚುಚ್ಚಲು ರಕ್ತನಾಳ ಉಳಿದಿದೆಯೇ ಎಂಬುದನ್ನೆಲ್ಲ ನೋಡಿ ಅಂಕ ನೀಡಲಾಗುತ್ತದೆ. ಜಾತಿ, ಧರ್ಮ, ಅಂತಸ್ತುಗಳಿಗೆ ಅಂಕವಿಲ್ಲ. 2021ರ ಜೂನ್‌ನಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡ ನಟ ಸಂಚಾರಿ ವಿಜಯ್ ಅವರ ಅಂಗಗಳನ್ನು ಕುಟುಂಬದವರು ದಾನ ಮಾಡಿದಾಗ, ಪಡೆಯುವವರನ್ನು ಆರಿಸಿದ್ದು ಆ ಕುಟುಂಬವಲ್ಲ. ಅದು ಹಾಗೆಯೇ ಇರಬೇಕು.

ಆದರೆ ಸರದಿ ನ್ಯಾಯವಾಗಿದ್ದರೆ ಸಾಕೇ? ಚಿತ್ರದುರ್ಗ ಜಿಲ್ಲೆಯ ಭೀಮಸಮುದ್ರ ಕೆರೆಗೂ ಅಡಿಕೆ ವ್ಯಾಪಾರಕ್ಕೂ ಹೆಸರಾದ ಊರು. ಅಲ್ಲಿ ಅಡಿಕೆ ಸುಲಿದು ಬದುಕುವ ಒಬ್ಬ ತಾಯಿಯ ಎರಡೂ ಮೂತ್ರಪಿಂಡಗಳು ಕೆಟ್ಟಿವೆ ಎಂದು ಭಾವಿಸೋಣ. ಸರಕಾರಿ ಆಸ್ಪತ್ರೆಯಲ್ಲಿ ಆಕೆಗೆ ಡಯಾಲಿಸಿಸ್ ಸಿಗಬಹುದು. ಆದರೆ ಅಂಗಕ್ಕಾಗಿ ಕಾಯುವ ಪಟ್ಟಿಯಲ್ಲಿ ಹೆಸರು ಬರಬೇಕಾದರೆ ಕಸಿ ಮಾಡುವ ಆಸ್ಪತ್ರೆಯೊಂದು ಆಕೆಯನ್ನು ಪರೀಕ್ಷಿಸಿ ನೋಂದಾಯಿಸಬೇಕು. ಅಂತಹ ಆಸ್ಪತ್ರೆಗಳಲ್ಲಿ ಬಹುಪಾಲು ಇರುವುದು 200 ಕಿಲೋಮೀಟರಿಗೂ ಆಚೆಯ ಬೆಂಗಳೂರಿನಲ್ಲಿ. ಪರೀಕ್ಷೆಗಳಿಗೆ ಮತ್ತೆ ಮತ್ತೆ ಹೋಗಬೇಕು, ಕೂಲಿ ಬಿಡಬೇಕು, ಜೊತೆಗೊಬ್ಬರು ಬರಬೇಕು. ನಡುರಾತ್ರಿ ಕರೆ ಬಂದರೂ ಕೆಲವೇ ಗಂಟೆಗಳಲ್ಲಿ ಆಸ್ಪತ್ರೆ ತಲುಪಬೇಕು. ಕಸಿಯ ಬಳಿಕ ಜೀವನವಿಡೀ ಔಷಧಿ ಸೇವಿಸಬೇಕು. ಪಟ್ಟಿ ಆಕೆಯನ್ನು ತಿರಸ್ಕರಿಸುವುದಿಲ್ಲ, ಏಕೆಂದರೆ ಅದಕ್ಕೆ ಆಕೆಯ ಹೆಸರೇ ಗೊತ್ತಿಲ್ಲ.

ಹಣವಿದ್ದವನ ಕಥೆ ಬೇರೆ. ಆ್ಯಪಲ್ ಕಂಪೆನಿಯ ಸ್ಟೀವ್ ಜಾಬ್ಸ್ ಕ್ಯಾಲಿಫೋರ್ನಿಯಾದವರು. 2009ರಲ್ಲಿ ಅವರಿಗೆ ಯಕೃತ್ತು ಸಿಕ್ಕಿದ್ದು ಕಾಯುವ ಅವಧಿ ಕಡಿಮೆಯಿದ್ದ ಟೆನೆಸಿ ರಾಜ್ಯದಲ್ಲಿ. ಅವರು ಯಾವ ನಿಯಮವನ್ನೂ ಮುರಿಯಲಿಲ್ಲ. ಬೇಕೆಂದಲ್ಲಿ ನೋಂದಾಯಿಸಿ, ಕರೆದಾಗ ವಿಮಾನ ಹತ್ತುವ ಶಕ್ತಿ ಅವರಿಗಿತ್ತು, ಅಷ್ಟೆ. 2023ರಲ್ಲಿ ನಮ್ಮ ಕೇಂದ್ರ ಸರಕಾರವೂ ಸ್ವಂತ ರಾಜ್ಯದಲ್ಲೇ ನೋಂದಾಯಿಸಬೇಕೆಂಬ ಷರತ್ತನ್ನು ಕೈಬಿಟ್ಟಿತು. ಕಾಗದದ ಮೇಲೆ ಅದು ಎಲ್ಲರಿಗೂ ಸಿಕ್ಕಿದ ಸ್ವಾತಂತ್ರ್ಯ. ಬಳಸಲು ಮಾತ್ರ ಬಸ್ಸಿನ ಹಣಕ್ಕಿಂತ ಹೆಚ್ಚಿನದು ಬೇಕು.

ಇನ್ನೊಂದು ಬಾಗಿಲು ಮನೆಯೊಳಗೇ ಇದೆ. ಜೀವಂತ ದಾನಿಗಳು ಕೊಟ್ಟದ್ದೂ ಸೇರಿ 1995ರಿಂದ 2021ರವರೆಗೆ ದೇಶದಲ್ಲಿ ನಡೆದ 36,640 ಕಸಿಗಳಲ್ಲಿ ಸ್ತ್ರೀಯರಿಗೆ ಸಿಕ್ಕಿದ್ದು 6,945 ಮಾತ್ರ. ಜೀವಂತ ದಾನಿಗಳಲ್ಲಾದರೋ ಹೆಚ್ಚಿನವರು ಸ್ತ್ರೀಯರೇ. ಕಾಯುವ ಪಟ್ಟಿಯಲ್ಲಿ ಸ್ತ್ರೀಯರಿಗೆ ಆದ್ಯತೆ ನೀಡಬೇಕೆಂದು 2025ರಲ್ಲಿ ರಾಷ್ಟ್ರೀಯ ಕಸಿ ಸಂಸ್ಥೆ ಸಲಹೆ ನೀಡಿತು. ಒಳ್ಳೆಯದೇ. ಆದರೆ 'ಇಷ್ಟು ಖರ್ಚು ಯಾಕೆ' ಎಂದು ಮನೆಯವರೇ ಕೈಚೆಲ್ಲಿದ ತಾಯಿಗೆ, ಪಟ್ಟಿಗೇ ಬಾರದವಳಿಗೆ ಆ ಆದ್ಯತೆಯಿಂದೇನು ಪ್ರಯೋಜನ?

ಔಷಧಿ ಮುಂದುವರಿಸಲಾಗದವರಿಗೆ ಕಸಿ ಮಾಡಿದರೆ ಅಂಗ ವ್ಯರ್ಥವಾಗದೇ ಎಂದು ಕೇಳುವವರಿದ್ದಾರೆ. ಈ ವಾದವನ್ನು ತಳ್ಳಿಹಾಕುವಂತಿಲ್ಲ. ಔಷಧಿ ತಪ್ಪಿದರೆ ದೇಹ ಅಂಗವನ್ನು ತಿರಸ್ಕರಿಸುವುದು ಸತ್ಯ. ಆದರೆ ಇದು ಔಷಧಿ ಒದಗಿಸಲು ಕಾರಣವಾಗಬೇಕೇ ಹೊರತು ಬಡವನನ್ನು ಹೊರಗಿಡಲು ಅಲ್ಲ. ಬಡತನ ವೈದ್ಯಕೀಯ ಲಕ್ಷಣವಲ್ಲ. ಅಂಗ ಕೊಡುವಾಗ ಬಡವನಿಗೆ ಅಂತಹ ಪರೀಕ್ಷೆಯೂ ಇಲ್ಲ. ಹೆದ್ದಾರಿಯಲ್ಲಿ ಬೈಕಿನಿಂದ ಬಿದ್ದು ಮಿದುಳು ನಿಷ್ಕ್ರಿಯಗೊಂಡ ಹಳ್ಳಿಯ ಯುವಕನ ಹೃದಯ ಎಲ್ಲರಿಗೂ ಸಲ್ಲುತ್ತದೆ. ಯಾರಿಂದ ಪಡೆಯಲು ಸಮಾಜ ಸಿದ್ಧವಿದೆಯೋ, ಅವರಿಗೆ ಕೊಡಲೂ ಅದು ಸಿದ್ಧವಿರಬೇಕು.

ಸಿಯಾಟಲ್‌ನ ಕಥೆಗೆ ಒಂದು ಉತ್ತರಾರ್ಧವೂ ಇದೆ. ಅಂತಹ ಆಯ್ಕೆಯ ಅಗತ್ಯವನ್ನು ಇಲ್ಲವಾಗಿಸಿದ್ದು ಇನ್ನೂ ಉತ್ತಮವಾದ ಸಮಿತಿಯಲ್ಲ. 1972ರಲ್ಲಿ ಅಮೆರಿಕದ ಸಂಸತ್ತು ಡಯಾಲಿಸಿಸ್ ವೆಚ್ಚವನ್ನು ಸರಕಾರ ಭರಿಸುವ ಕಾನೂನು ತಂದಿತು. ಬಾಗಿಲು ದೊಡ್ಡದಾಯಿತು. ಅಂಗಗಳನ್ನು ಯಂತ್ರಗಳಂತೆ ತಯಾರಿಸಲಾಗದು, ಅಲ್ಲಿ ಸರದಿ ಇದ್ದೇ ಇರುತ್ತದೆ. ಆದರೆ ಸರದಿಯಲ್ಲಿ ನಿಲ್ಲುವ ಹಕ್ಕನ್ನು ಎಲ್ಲರಿಗೂ ಒದಗಿಸಲು ಸಾಧ್ಯವಿದೆ. ಬಿಪಿಎಲ್ ಕುಟುಂಬಗಳ ಕಸಿಗೆ ರಾಜ್ಯ ಸರಕಾರದ ನೆರವಿದೆ, ಬೆಂಗಳೂರಿನಲ್ಲಿ ಮೂತ್ರಪಿಂಡ ಕಸಿ ಮಾಡುವ ಸರಕಾರಿ ಸಂಸ್ಥೆಯೂ ಇದೆ. ಡಯಾಲಿಸಿಸ್ ನಡೆಯುವ ಪ್ರತಿ ತಾಲೂಕು ಆಸ್ಪತ್ರೆಯಿಂದಲೇ ನೋಂದಣಿಯ ಕೆಲಸ ಆರಂಭವಾಗುವಂತೆ ಒತ್ತಾಯಿಸುವುದು ನಾಗರಿಕರ ಕೆಲಸ.

ನಮ್ಮ ಜಮಾಅತ್‌ಗಳಿಗೂ ಇಲ್ಲಿ ಪಾಲಿದೆ. ಮೊಹಲ್ಲಾದಲ್ಲಿ ಡಯಾಲಿಸಿಸ್‌ಗೆ ಹೋಗುತ್ತಿರುವವರು ಯಾರು, ಅವರ ಹೆಸರು ಪಟ್ಟಿಯಲ್ಲಿದೆಯೇ ಎಂದು ವಿಚಾರಿಸಲು ಫತ್ವಾ ಬೇಕಾಗಿಲ್ಲ. ಝಕಾತ್ ಮತ್ತು ಸದಕಾದ ಹಣದಲ್ಲಿ ಒಂದಂಶವನ್ನು ಅವರ ಪ್ರಯಾಣಕ್ಕೆ, ಪರೀಕ್ಷೆಗೆ, ಔಷಧಿಗೆ ಮೀಸಲಿಡಬಹುದು. ನೆರೆಯ ಮುಸ್ಲಿಮೇತರ ರೋಗಿಗೂ ಸದಕಾದ ಬಾಗಿಲು ತೆರೆದೇ ಇದೆ. ಒಂದು ಜೀವ ಉಳಿಸುವುದರ ಹಿರಿಮೆಯನ್ನು ನಾವು ವೇದಿಕೆಗಳಲ್ಲಿ ಸಾಕಷ್ಟು ಹೇಳುತ್ತೇವೆ. ಆ ಜೀವವನ್ನು ಸರದಿಯವರೆಗೆ ಕರೆದೊಯ್ಯುವುದೂ ಉಳಿಸುವ ಕೆಲಸವೇ. ಅಮಾನತ್ತನ್ನು ನ್ಯಾಯವಾಗಿ ಹಂಚಿದರಷ್ಟೇ ನಮ್ಮ ಹೊಣೆ ತೀರದು. ಅದರ ಹಕ್ಕುದಾರರು ಬಾಗಿಲ ಹೊರಗೇ ಉಳಿದಿಲ್ಲವೆಂದು ಖಚಿತಪಡಿಸಿಕೊಂಡಾಗಲೇ ಅದು ತೀರುತ್ತದೆ.