ಭರತನ ಜಿಂಕೆಮರಿ ಏನಾಯಿತು?

ಭಾಗವತದ ಐದನೆಯ ಸ್ಕಂಧದಲ್ಲಿ ಭರತನೆಂಬ ರಾಜನ ಕಥೆ ಬರುತ್ತದೆ. ರಾಜ್ಯ, ಹೆಂಡತಿ, ಮಕ್ಕಳು ಎಲ್ಲವನ್ನೂ ಬಿಟ್ಟು ಗಂಡಕೀ ನದಿಯ ದಡದ ಪುಲಹಾಶ್ರಮಕ್ಕೆ ತಪಸ್ಸಿಗೆಂದು ಹೋದವನು ಅವನು. ಒಂದು ದಿನ ನೀರು ಕುಡಿಯಲು ಬಂದ ತುಂಬು ಗಬ್ಬದ ಜಿಂಕೆಯೊಂದು ಸಿಂಹದ ಗರ್ಜನೆಗೆ ಬೆದರಿ ಹೊಳೆ ಹಾರಿತು. ಹಾರುವಾಗಲೇ ಮರಿ ಜಾರಿ ನೀರಿಗೆ ಬಿತ್ತು, ತಾಯಿ ಆಚೆ ದಡ ಸೇರಿ ಸತ್ತಿತು. ತೇಲಿಹೋಗುತ್ತಿದ್ದ ಮರಿಯನ್ನು ಭರತ ಎತ್ತಿ ತಂದ. ಎಳೆ ಹುಲ್ಲು ತಿನ್ನಿಸಿದ, ಮೈ ತುರಿಸಿದ, ಹೆಗಲ ಮೇಲೆ ಹೊತ್ತು ತಿರುಗಿದ. ಜಪ ತಪ್ಪಿತು, ಪೂಜೆ ತಪ್ಪಿತು. ಸಾಯುವ ಗಳಿಗೆಯಲ್ಲೂ ಅದನ್ನೇ ನೆನೆದು, ಮರುಜನ್ಮದಲ್ಲಿ ತಾನೇ ಜಿಂಕೆಯಾಗಿ ಹುಟ್ಟಿದ.

ಹರಿಕಥೆ ದಾಸರು ಇದನ್ನು ಹೇಳಿ ಮೋಹ ಎಷ್ಟು ಕೆಟ್ಟದ್ದೆಂದು ನಿಟ್ಟುಸಿರು ಬಿಡುತ್ತಾರೆ, ಕೇಳಿದವರು ತಲೆದೂಗುತ್ತಾರೆ. ಭರತನಿಗೆ ಏನಾಯಿತೆಂಬುದು ಎಲ್ಲರಿಗೂ ಗೊತ್ತು. ಜಿಂಕೆಮರಿಗೆ ಏನಾಯಿತು?

ಈ ಪ್ರಶ್ನೆಯನ್ನು ನಿತ್ಯವೂ ಎದುರಿಸುವ ಜಾಗಗಳು ಈಗ ಇವೆ. ಬೆಂಗಳೂರಿನ ಕೆಂಗೇರಿ ಬಳಿಯ ಪೀಪಲ್ ಫಾರ್ ಅನಿಮಲ್ಸ್‌ನಂಥ ವನ್ಯಜೀವಿ ಆಸ್ಪತ್ರೆಗಳಿಗೆ ಬೇಸಿಗೆಯಲ್ಲಿ ಕೈತುಂಬ ಕೆಲಸ. ಮುಂಗಾರುಪೂರ್ವ ಮಳೆಗೆ ಮರಗಳು ಉರುಳುತ್ತವೆ, ಗೂಡುಗಳು ನೆಲ ಕಾಣುತ್ತವೆ. ಗಾಳಿಪಟದ ಮಾಂಜಾ ದಾರಕ್ಕೆ ಸಿಕ್ಕಿ ರೆಕ್ಕೆ ಕುಯ್ದುಕೊಂಡ ಹದ್ದುಗಳು ರಟ್ಟಿನ ಡಬ್ಬಿಗಳಲ್ಲಿ ಬರುತ್ತವೆ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ದೇಶದಾದ್ಯಂತ ನಿಷೇಧಿಸಿದೆ. ಆದರೆ ಮರದ ಕೊಂಬೆಗಳಲ್ಲಿ ಜೋತುಬಿದ್ದ ದಾರಕ್ಕೆ ಆದೇಶ ಓದಲು ಬರುವುದಿಲ್ಲವಲ್ಲ.

ಕಾಲೇಜಿಗೆ ರಜೆ ಬಿಟ್ಟಿರುವುದೂ ಆಗಲೇ. ಸ್ವಯಂಸೇವಕಿಯಾಗಿ ಬರುವ ಹುಡುಗಿ ಹುಲಿಮರಿಗೆ ಬಾಟಲಿ ಹಾಲು ಕುಡಿಸುವ ಕನಸು ಕಟ್ಟಿಕೊಂಡಿರುತ್ತಾಳೆ. ಅವಳ ಕೈಗೆ ಸಿಗುವುದು ಪೊರಕೆ, ಬಕೆಟ್ಟು, ಹಿಕ್ಕೆ ಅಂಟಿದ ಹಳೆ ಪತ್ರಿಕೆಗಳು. ಒಂದಷ್ಟು ದಿನ ಕಳೆದ ಮೇಲೆ, ಅದೃಷ್ಟವಿದ್ದರೆ, ಒಂದು ಅಳಿಲಮರಿ.

ಕಣ್ಣು ಬಿಡದ ಅಳಿಲಮರಿ ಹೆಬ್ಬೆರಳಿನಷ್ಟಿರುತ್ತದೆ. ತಣ್ಣಗಿದ್ದರೆ ಮೊದಲು ಬೆಚ್ಚಗಾಗಿಸಬೇಕು, ಹಾಲು ಆಮೇಲೆ. ಆಕಳ ಹಾಲು ಕೊಟ್ಟರೆ ಭೇದಿ ಹಿಡಿಯುತ್ತದೆ, ಅದಕ್ಕೆ ಬೇರೆಯದೇ ಪುಡಿಹಾಲು. ಸೂಜಿ ತೆಗೆದ ಸಿರಿಂಜಿನಿಂದ ಹನಿಹನಿಯಾಗಿ ಬಿಡಬೇಕು. ಅವಸರ ಮಾಡಿದರೆ ಹಾಲು ಶ್ವಾಸಕೋಶಕ್ಕೆ ನುಗ್ಗಿ ನ್ಯುಮೋನಿಯಾ ಆಗುತ್ತದೆ. ಕುಡಿದ ಮೇಲೆ ಒದ್ದೆ ಹತ್ತಿಯಿಂದ ಕಿಬ್ಬೊಟ್ಟೆಯ ಕೆಳಗೆ ಸವರಬೇಕು; ತಾಯಿಯ ನಾಲಿಗೆ ಮಾಡುವ ಈ ಕೆಲಸವಿಲ್ಲದೆ ಮರಿಗೆ ಉಚ್ಚೆ ಹೊಯ್ಯುವುದಕ್ಕೂ ಆಗದು. ಎರಡು ಮೂರು ಗಂಟೆಗೊಮ್ಮೆ ಮತ್ತೆ ಇಷ್ಟೂ. ಹೊಟ್ಟೆ ತುಂಬಿದ ಮರಿ ಅವಳ ಬೆರಳನ್ನು ನಾಲ್ಕೂ ಕಾಲಲ್ಲಿ ಅಪ್ಪಿ ಮಲಗುತ್ತದೆ.

ಆಗ ಹಿರಿಯ ಸಿಬ್ಬಂದಿ ಬಂದು ಹೇಳುತ್ತಾರೆ: ಹೆಸರಿಡಬೇಡಮ್ಮ, ಮಾತಾಡಿಸಬೇಡ, ಕೆಲಸ ಮುಗಿದ ಕೂಡಲೇ ಒಳಗಿಟ್ಟು ಬಟ್ಟೆ ಮುಚ್ಚು.

ಹುಡುಗಿಗೆ ಇದು ಕಲ್ಲುಮನಸ್ಸಿನ ನಿಯಮ ಅನ್ನಿಸಿದರೆ ತಪ್ಪೇನಿಲ್ಲ. ಅದರ ಹಿಂದಿನ ಕಾರಣವನ್ನು 1935ರಲ್ಲಿ ಆಸ್ಟ್ರಿಯಾದ ಪ್ರಾಣಿವಿಜ್ಞಾನಿ ಕೊನ್ರಾಡ್ ಲೊರೆಂಜ್ ವಿವರವಾಗಿ ಬರೆದ. ಮೊಟ್ಟೆಯೊಡೆದು ಬಂದ ಹೆಬ್ಬಾತಿನ ಮರಿ ಮೊದಲು ಕಂಡ ಚಲಿಸುವ ಜೀವವನ್ನೇ ತಾಯಿಯೆಂದು ನಂಬಿ ಹಿಂಬಾಲಿಸುತ್ತದೆ, ಅದು ಗಡ್ಡದ ಲೊರೆಂಜನೇ ಆದರೂ ಸರಿ. ಈ ಅಚ್ಚು ಸುಲಭವಾಗಿ ಅಳಿಸುವಂಥದ್ದಲ್ಲ. ಟೆಕ್ಸ್ ಎಂಬ ಹೆಣ್ಣು ಹೂಪಿಂಗ್ ಕೊಕ್ಕರೆಯ ಕಥೆ ಇದಕ್ಕೆ ಸಾಕ್ಷಿ. 1967ರಲ್ಲಿ ಅಮೆರಿಕದ ಸ್ಯಾನ್ ಆಂಟೋನಿಯೋ ಮೃಗಾಲಯದಲ್ಲಿ ಹುಟ್ಟಿ ಮನುಷ್ಯರ ಕೈಯಲ್ಲಿ ಬೆಳೆದ ಅದಕ್ಕೆ ಗಂಡು ಕೊಕ್ಕರೆಗಳೆಂದರೆ ಆಗುತ್ತಿರಲಿಲ್ಲ, ಮನುಷ್ಯ ಗಂಡಸರೇ ಬೇಕು. ಅಳಿವಿನಂಚಿನ ಜಾತಿ, ಮೊಟ್ಟೆ ಬೇಕೇಬೇಕು. ಪಕ್ಷಿತಜ್ಞ ಜಾರ್ಜ್ ಆರ್ಚಿಬಾಲ್ಡ್ ವಿಸ್ಕಾನ್ಸಿನ್‌ನಲ್ಲಿ ಅದರ ಜೊತೆಯೇ ಇದ್ದು, ರೆಕ್ಕೆ ಬಡಿದಂತೆ ಕೈ ಬಡಿದು ಅದರೆದುರು ಕುಣಿದರು. ಕೃತಕ ಗರ್ಭಧಾರಣೆಯೂ ಸೇರಿ, 1982ರಲ್ಲಿ ಒಂದು ಮರಿ ದಕ್ಕಿತು. ಜಿಂಕೆಯನ್ನು ನೆನೆದ ಮನುಷ್ಯ ಜಿಂಕೆಯಾಗಲು ಒಂದು ಸಾವು, ಒಂದು ಜನ್ಮ ಬೇಕಾಯಿತು. ಕೊಕ್ಕರೆ ಮನುಷ್ಯಳಾಗಲು ಕೆಲವು ವಾರ ಸಾಕಾದವು.

ಇನ್ನು ಜಿಂಕೆಮರಿಯ ವಿಷಯ. ಕಾಡಂಚಿನ ಊರುಗಳಲ್ಲಿ ಹುಲ್ಲಿನ ಮರೆಯಲ್ಲಿ ಒಂಟಿಯಾಗಿ ಮುದುಡಿದ ಚುಕ್ಕೆ ಜಿಂಕೆಯ ಮರಿ ಕಂಡರೆ ಪುಣ್ಯವಂತರು ಎತ್ತಿ ಮನೆಗೆ ತರುತ್ತಾರೆ. ಎಷ್ಟೋ ಸಲ ಅದು ಅನಾಥವೇ ಅಲ್ಲ. ಮರಿಯನ್ನು ಅಡಗಿಸಿಟ್ಟು ಮೇಯಲು ಹೋಗುವುದು ತಾಯಿಯ ರೂಢಿ. ಉಳಿಸಿದೆವು ಅಂದುಕೊಂಡದ್ದು ಅಪಹರಣವಾಗಿರುತ್ತದೆ. ಮರಿ ಬದುಕಿ ಬೆಳೆದರೂ ಅದಕ್ಕೆ ನಾಯಿಯ ಹೆದರಿಕೆಯಿಲ್ಲ, ಉರುಳು ಹಿಡಿದವನ ಹೆದರಿಕೆಯಿಲ್ಲ. ಗಂಡಾದರೆ ಕೊಂಬು ಬಲಿತ ಮೇಲೆ ಸಾಕಿದವನನ್ನೇ ಎದುರಾಳಿಯೆಂದು ತಿಳಿದು ಹಾಯುತ್ತದೆ.

ಧರ್ಮದ ಪ್ರಶ್ನೆ ನಿಜಕ್ಕೂ ಜಟಿಲವಾಗುವುದು ಇಲ್ಲಿ. ನಮ್ಮ ಪರಂಪರೆಯಲ್ಲಿ ಅಭಯಕ್ಕಿಂತ ದೊಡ್ಡ ದಾನವಿಲ್ಲ. ಗೀತೆಯ ಹದಿನಾರನೆಯ ಅಧ್ಯಾಯ ದೈವೀ ಗುಣಗಳ ಪಟ್ಟಿಯನ್ನು ಅಭಯದಿಂದಲೇ ಶುರುಮಾಡುತ್ತದೆ. ಋಷ್ಯಾಶ್ರಮವೆಂದರೆ ಜಿಂಕೆಗಳು ಬೆದರದೆ ಬಂದು ಮೈಗೆ ಮೈ ಉಜ್ಜುವ ಜಾಗ. ಪುನರ್ವಸತಿ ಕೇಂದ್ರ ಮಾಡುವುದು ಇದಕ್ಕೆ ತೀರಾ ತಿರುಗುಮುರುಗು. ಅದು ಕೊಡುವುದು ಭಯದಾನ. ಮನುಷ್ಯನ ವಾಸನೆ ಬಂದರೆ ಓಡು ಎಂದು ಕಲಿಸಿ ಕಳಿಸುವುದೇ ಅದರ ಕರುಣೆ.

ಹಾಗಾದರೆ ಆಶ್ರಮದ ಆದರ್ಶ ಸುಳ್ಳೇ? ಹಾಗೆನ್ನಲು ಮನಸ್ಸು ಬರುವುದಿಲ್ಲ. ರಾಜಸ್ಥಾನದ ಬಿಷ್ಣೋಯಿ ಊರುಗಳಲ್ಲಿ ಕೃಷ್ಣಮೃಗಗಳು ಹೊಲದಲ್ಲಿ ನಿರಾತಂಕವಾಗಿ ಮೇಯುತ್ತವೆ. 15ನೆಯ ಶತಮಾನದಲ್ಲಿ ಜಾಂಭೋಜಿ ಹಾಕಿಕೊಟ್ಟ 29 ನಿಯಮಗಳನ್ನು ಪಾಲಿಸುವ ಜನ ಅವರು. 1730ರಲ್ಲಿ ಖೇಜಡಿ ಮರಗಳನ್ನು ಉಳಿಸಲು ಅವರಲ್ಲಿ 363 ಮಂದಿ ಪ್ರಾಣ ಕೊಟ್ಟರೆಂದು ಹೇಳುತ್ತಾರೆ. ಅಲ್ಲಿ ಅಭಯವನ್ನು ಜಿಂಕೆಗೆ ಕಲಿಸಿಲ್ಲ, ಊರಿಗೆ ಊರೇ ವ್ರತ ಹಿಡಿದಿದೆ. ಭರತನದು ಒಂಟಿ ಮನೆಯ ಅಭಯ. ಹೊಳೆಯಾಚೆ ಸಿಂಹ ಹಾಗೇ ಇತ್ತು. ಮರಿ ಸ್ವಲ್ಪ ಹೊತ್ತು ಕಣ್ಮರೆಯಾದರೆ ತೋಳ ತಿಂದಿತೇನೋ ಎಂದು ಅವನು ಹಲುಬುತ್ತಿದ್ದನಂತೆ. ಜಿಂಕೆಯಲ್ಲಿ ಇರಬೇಕಾದ ಭಯ ಅವನಿಗೆ ವರ್ಗವಾಗಿತ್ತು.

ಭಯ ಕಳೆದುಕೊಂಡ ಪ್ರಾಣಿ ಹೇಗಿರುತ್ತದೆಂದು ನೋಡಲು ಬನ್ನೇರುಘಟ್ಟದ ಕರಡಿ ಕೇಂದ್ರವಿದೆ. ಮೂತಿಗೆ ತೂತು ಕೊರೆದು ಹಗ್ಗ ಪೋಣಿಸಿ, ಹಲ್ಲು ಮುರಿದು ಬೀದಿಯಲ್ಲಿ ಕುಣಿಸುತ್ತಿದ್ದ ಕರಡಿಗಳು ಕಲಂದರ್ ಕುಟುಂಬಗಳಿಂದ ಇಲ್ಲಿಗೆ ಬಂದವು. ಅವು ಕಾಡಿಗೆ ಹಿಂದಿರುಗುವಂತಿಲ್ಲ. ಗಂಜಿ, ಹಣ್ಣು, ನೆರಳು, ಬೇಲಿ, ಕೊನೆಯುಸಿರಿನವರೆಗೆ ಅಷ್ಟೇ.

ಭರತ ಪ್ರಾಣ ಬಿಡುವಾಗ ಆ ಜಿಂಕೆ ಮಗನಂತೆ ಪಕ್ಕದಲ್ಲಿ ಕುಳಿತು ದುಃಖಿಸುತ್ತಿತ್ತು ಎನ್ನುತ್ತದೆ ಭಾಗವತ. ಆಮೇಲೆ ಅದರ ಸುದ್ದಿಯಿಲ್ಲ. ಕಥೆ ಭರತನ ಹಿಂದೆ ಹೋಗಿಬಿಡುತ್ತದೆ.

ಅಳಿಲಮರಿ ಈಗ ಹಣ್ಣು, ಕಾಳು ತಿನ್ನುತ್ತದೆ. ಹೊರಗಿನ ಪಂಜರಕ್ಕೆ ಸಾಗಿಸಿ ಕೆಲವು ದಿನವಾಗಿದೆ. ಹುಡುಗಿ ತಟ್ಟೆ ಇಡಲು ಕೈಹಾಕಿದಾಗ ಅದು ಬಾಲ ನಿಗುರಿಸಿ ಚಿರ್ ಎಂದು ಕೂಗುತ್ತದೆ, ಮುಂದೊತ್ತಿ ಬಂದು ಬೆರಳು ಕಚ್ಚುತ್ತದೆ. ಸೋಪು ಹಚ್ಚಿ ಗಾಯವನ್ನು ಹದಿನೈದು ನಿಮಿಷ ನಲ್ಲಿಯಡಿ ತೊಳೆಸುತ್ತಾ ಹಿರಿಯ ಸಿಬ್ಬಂದಿ, ಮರಿಯ ಚೀಟಿಯಲ್ಲಿ ‘ಕಚ್ಚುತ್ತದೆ’ ಎಂದು ಬರೆಯಲು ಹೇಳುತ್ತಾರೆ. ಅವರ ಮುಖದಲ್ಲಿ ಸಂತೋಷ. ಬಿಡುಗಡೆಯ ದಿನ ಗೊತ್ತುಮಾಡಲು ಅವರು ಕಾಯುತ್ತಿದ್ದದ್ದು ಆ ಒಂದು ಪದಕ್ಕೆ.