ಶಾಲೆಯ ಗೇಟಿನ ಮುಂದೊಂದು ಕಟ್ಟೆ

ನಮ್ಮ ಹಿರೇಗುಂಟನೂರಿನಲ್ಲಿ ಮಕ್ಕಳಿಗೆ ಗೆಳೆತನ ಮಾಡಿಕೊಳ್ಳುವುದನ್ನು ಯಾರೂ ಹೇಳಿಕೊಡುವುದಿಲ್ಲ. ಹೆಂಗಸರು ನಲ್ಲಿ ಹತ್ತಿರ ಬಿಂದಿಗೆ ಇಟ್ಟು ಮಾತಿಗೆ ನಿಂತರೆ, ಸೆರಗು ಹಿಡಿದು ನಿಂತಿದ್ದ ಕೂಸು ಹತ್ತು ನಿಮಿಷಕ್ಕೆ ಸೆರಗು ಬಿಟ್ಟಿರುತ್ತದೆ. ಗಂಡಸರು ಕಟ್ಟೆಯ ಮೇಲೆ ಕೂತು ಭೀಮಸಮುದ್ರದಲ್ಲಿ ಅಡಿಕೆ ರೇಟು ಎಷ್ಟಾಯಿತೆಂದು ಮಾತಾಡುವಷ್ಟರಲ್ಲಿ ಕಟ್ಟೆಯ ಕೆಳಗೆ ಗೋಲಿ ಆಟ ಶುರುವಾಗಿರುತ್ತದೆ. ದೊಡ್ಡವರು ನಿಂತು ಮಾತಾಡುತ್ತಾರೆ, ಅದರ ನೆರಳಲ್ಲಿ ಚಿಕ್ಕವರು ಜೊತೆಯಾಗುತ್ತಾರೆ. ಇಷ್ಟು ಸಣ್ಣ ಸಂಗತಿ ನನಗೆ ಅರವತ್ತೈದು ದಾಟುವವರೆಗೂ ಹೊಳೆದಿರಲಿಲ್ಲ. ಹೊಳೆದದ್ದು ನ್ಯೂಜೆರ್ಸಿಯ ಒಂದು ಪ್ರೈಮರಿ ಶಾಲೆಯ ಗೇಟಿನ ಮುಂದೆ.

ಮಗ, ಸೊಸೆ, ಏಳು ವರ್ಷದ ಮೊಮ್ಮಗಳು ಆಗಸ್ಟ್‌ನಲ್ಲಿ ಅಲ್ಲಿಗೆ ಹೋದರು. ಸೆಪ್ಟೆಂಬರ್‌ನಲ್ಲಿ ಶಾಲೆ ಶುರುವಾಗುವ ಹೊತ್ತಿಗೆ ನಾನೂ ನಮ್ಮ ಮನೆಯವಳೂ ಆರು ತಿಂಗಳ ಮಟ್ಟಿಗೆ ಹೋದೆವು. ಮೊದಲ ವಾರವೇ ಹುಡುಗಿ ಒದ್ದೆ ಬಟ್ಟೆಯಲ್ಲಿ ಮನೆಗೆ ಬಂದಳು. ಪಾಪ, ಕ್ಲಾಸಿನಲ್ಲಿ ಎದ್ದು ನಿಂತು ಕಿರುಬೆರಳು ತೋರಿಸಿದ್ದಾಳೆ. ಒಂದಕ್ಕೆ ಹೋಗಬೇಕು ಅಂತ ಚಿತ್ರದುರ್ಗದ ಯಾವ ಟೀಚರಿಗಾದರೂ ತಿಳಿಯುತ್ತಿತ್ತು. ಅಲ್ಲಿನವರು ಅವಳ ಬೆರಳಿಗೆ ಏನೋ ನೋವಾಗಿದೆ ಅಂದುಕೊಂಡು ಬ್ಯಾಂಡೇಜ್ ತಂದರು! ಮಕ್ಕಳನ್ನು ಕರೆದುಕೊಂಡು ಹೋಗುವವರು ವಿಮಾನ ಹತ್ತುವ ಮೊದಲೇ ರೆಸ್ಟ್‌ರೂಮ್ ಎಂಬ ಒಂದು ಪದವನ್ನು ಮನೆಯಲ್ಲೇ ನೂರು ಸಲ ಹೇಳಿಸಿ. ರೈಮ್ಸು, ಟೇಬಲ್ಸು ಆಮೇಲಾಗಲಿ.

ನಾವು ಗೌರವ ಎಂದು ಕಲಿಸಿದ್ದು ಅಲ್ಲಿ ಬೇರೆ ಅರ್ಥ ಕೊಡುತ್ತದೆ. ದೊಡ್ಡವರು ಮಾತಾಡುವಾಗ ತಲೆ ತಗ್ಗಿಸು ಅಂದಿದ್ದೆವು. ಮುಖ ನೋಡುವುದಿಲ್ಲ, ಗಮನ ಇಲ್ಲ ಎಂದು ಟೀಚರ್ ಬರೆದು ಕಳಿಸಿದರು. ಹೂಂ ಎನ್ನಲು ನಮ್ಮವರು ತಲೆಯನ್ನು ಅತ್ತಿತ್ತ ವಾಲಿಸುವುದು ಅವರಿಗೆ ಬೇಡ ಎಂದಂತೆ ಕಾಣುತ್ತದೆ. ಆಟಕ್ಕೆ ಬರ್ತೀಯಾ ಅಂತ ಯಾರೋ ಕೇಳಿದಾಗ ಇವಳು ಹಾಗೆ ತಲೆ ಆಡಿಸಿದ್ದಾಳೆ, ಅವರು ಬಿಟ್ಟು ಹೋಗಿದ್ದಾರೆ. ಮೊದಲ ದಿನವೇ ಟೀಚರ್ ಹತ್ತಿರ ಹೋಗಿ, ನಮ್ಮಲ್ಲಿ ಹೀಗೆ ಎಂದು ಎರಡು ಮಾತು ಹೇಳಿದ್ದರೆ ಸಾಕಿತ್ತು. ನಾವು ಹೇಳಲಿಲ್ಲ.

ಹೆಸರಿನದು ಇನ್ನೊಂದು ಪಾಡು. ನಮ್ಮ ಕಡೆಯವರಿಗೆ ಸರ್‌ನೇಮ್ ಎಲ್ಲಿಂದ ಬರಬೇಕು? ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ, ಮುಂದೆ ಹೆಸರು. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟರೆ ಅಮೆರಿಕದ ವೀಸಾದಲ್ಲಿ ಇರುವ ಒಂದೇ ಹೆಸರನ್ನು ಸರ್‌ನೇಮ್ ಮಾಡಿ, ಹೆಸರಿನ ಜಾಗದಲ್ಲಿ ಎಫ್‌ಎನ್‌ಯು ಎಂದು ಹಾಕುತ್ತಾರೆ. ಮೊದಲ ಹೆಸರು ಗೊತ್ತಿಲ್ಲ ಎಂದು ಅದರ ಅರ್ಥ. ಅದೇ ಶಾಲೆಯ ಪಟ್ಟಿಗೂ ಇಳಿದಿತ್ತು. ಒಂದು ದಿನ ಬದಲಿ ಟೀಚರ್ ಬಂದು ‘ಫ್ನೂ’ ಎಂದು ಕೂಗಿದರಂತೆ, ತರಗತಿಯೆಲ್ಲ ನಕ್ಕಿತಂತೆ. ಹೊರಡುವ ಮೊದಲೇ ಪಾಸ್‌ಪೋರ್ಟ್ ಸರಿಮಾಡಿಸಿಕೊಳ್ಳಿ. ಇನ್ನೊಂದು: ಅವರಿಗೆ ನಾಲಿಗೆ ಹೊರಳುವುದಿಲ್ಲ ಎಂದು ನೀವಾಗಿಯೇ ಮಗುವಿನ ಹೆಸರನ್ನು ತುಂಡು ಮಾಡಬೇಡಿ. ಮೂರು ಸಲ ನಿಧಾನವಾಗಿ ಹೇಳಿಕೊಟ್ಟರೆ ಕಲಿಯುತ್ತಾರೆ. ಅವಳ ಟೀಚರ್ ಕಲಿತರು.

ಆಮೇಲೆ ಮೌನ. ಮನೆಯಲ್ಲಿ ಪಟಪಟ ಮಾತಾಡುವ ಹುಡುಗಿ ಶಾಲೆಯಲ್ಲಿ ವಾರಗಟ್ಟಲೆ ಬಾಯಿ ಬಿಡಲಿಲ್ಲ. ಚಿತ್ರದುರ್ಗದಲ್ಲಿ ಇಂಗ್ಲಿಷ್ ಮೀಡಿಯಂ ಓದಿದವಳೇ. ಆದರೆ ಓದುವ ಇಂಗ್ಲಿಷ್ ಬೇರೆ, ಆಟದ ಮೈದಾನದಲ್ಲಿ ಹಾರಿಹೋಗುವ ಇಂಗ್ಲಿಷ್ ಬೇರೆ. ಎರಡನೇ ಭಾಷೆಗೆ ಬಿದ್ದ ಮಕ್ಕಳಲ್ಲಿ ಈ ಮೌನದ ಕಾಲ ಸಹಜ, ಅವರು ಕೇಳಿಸಿಕೊಂಡು ಒಳಗೇ ಕೂಡಿಹಾಕಿಕೊಳ್ಳುತ್ತಿರುತ್ತಾರೆ ಎಂದು ಸ್ಟೀಫನ್ ಕ್ರಾಶೆನ್ ಎಂಬ ಭಾಷಾವಿಜ್ಞಾನಿ 1980ರ ದಶಕದಲ್ಲೇ ಬರೆದಿದ್ದಾರೆ. ಅದು ಗೊತ್ತಿಲ್ಲದ ನನ್ನ ಮಗ ರಾತ್ರಿ ಊಟಕ್ಕೆ ಕೂತಾಗೆಲ್ಲ ಒಂದೇ ಪ್ರಶ್ನೆ: “ಫ್ರೆಂಡ್ಸ್ ಆದ್ರೇನಮ್ಮ?” ದಿನಾ ಫೇಲಾಗುವ ಪರೀಕ್ಷೆ ಅದು. ತಟ್ಟೆಯಲ್ಲಿ ಅನ್ನ ಕಲಸುತ್ತಾ ಕೂರುತ್ತಿದ್ದಳು. ಒಂದು ದಿನ ಅವಳ ಅಜ್ಜಿ, “ಇವತ್ತು ನಿನ್ನ ಪಕ್ಕ ಯಾರು ಕೂತಿದ್ರು ಪುಟ್ಟಿ?” ಎಂದಳು. ಕೆಂಪು ಶೂ ಹುಡುಗಿ ಎಂಬ ಉತ್ತರ ಬಂತು. ಮಾರನೆಯ ದಿನ ಆ ಕೆಂಪು ಶೂ ಹುಡುಗಿ ಏನು ತಿಂದಳು ಎಂಬುದೂ ಬಂತು.

ಸೇರಿಸುವಾಗ ತುಂಬುವ ಅರ್ಜಿಯಲ್ಲಿ ಮನೆಮಾತು ಯಾವುದೆಂದು ಕೇಳುತ್ತಾರೆ. ಮಗ ಇಂಗ್ಲಿಷ್ ಎಂದು ಬರೆದಿದ್ದ. ಕನ್ನಡ ಅಂದರೆ ದಡ್ಡರ ಕ್ಲಾಸಿಗೆ ಹಾಕುತ್ತಾರೆ ಎಂದು ಯಾರೋ ಹೆದರಿಸಿದ್ದರಂತೆ. ಎಷ್ಟು ಓದಿದರೇನು! ಸ್ಯಾನ್‌ಫ್ರಾನ್ಸಿಸ್ಕೋದ ಚೀನೀ ಮಕ್ಕಳ ಲಾ ವರ್ಸಸ್ ನಿಕೋಲ್ಸ್ ಮೊಕದ್ದಮೆಯಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ 1974ರಲ್ಲೇ ಹೇಳಿದೆ: ಭಾಷೆ ಬಾರದ ಮಕ್ಕಳಿಗೂ ಅದೇ ಪುಸ್ತಕ, ಅದೇ ಮೇಷ್ಟ್ರನ್ನು ಕೊಟ್ಟ ಮಾತ್ರಕ್ಕೆ ಸಮಾನವಾಗಿ ಕಂಡಂತಾಗದು. ಆ ತೀರ್ಪಿನ ಫಲವನ್ನು ನಾವೇ ಬೇಡ ಎಂದು ಬರೆದುಕೊಟ್ಟಿದ್ದೆವು. ತಿದ್ದಿಸಿದ ಮೇಲೆ ದಿನಕ್ಕೊಂದಿಷ್ಟು ಹೊತ್ತು ಏಳೆಂಟು ಹೊಸ ಮಕ್ಕಳ ಗುಂಪಿನಲ್ಲಿ ಕೂರಿಸಿದರು. ತನ್ನಂತೆಯೇ ಮಾತು ತಡವರಿಸುವವರು ಇನ್ನೂ ಇದ್ದಾರೆ ಎಂದು ಅವಳಿಗೆ ಗೊತ್ತಾಯಿತು.

ಈಗ ಗೇಟಿನ ಮಾತು. ಮಗ ಅವಳನ್ನು ಕಾರಿನಲ್ಲಿ ಬಿಡುತ್ತಿದ್ದ. ಕಾರುಗಳ ಸಾಲು, ಬಾಗಿಲು ತೆಗೆ, ಮಗು ಇಳಿ, ಹೊರಡು. ಅರ್ಧ ನಿಮಿಷದ ಕೆಲಸ. ಎರಡು ತಿಂಗಳಾದರೂ ಇನ್ನೊಬ್ಬ ಮಗುವಿನ ಅಪ್ಪನ ಮುಖ ಅವನು ನೋಡಿರಲಿಲ್ಲ. ನನಗೆ ಕಾರು ಬಾರದು, ಹಾಗಾಗಿ ನಾನು ಅವಳ ಕೈ ಹಿಡಿದು ನಡೆಸಿಕೊಂಡು ಹೋಗತೊಡಗಿದೆ. ಗಂಟೆ ಹೊಡೆಯುವವರೆಗೆ ಗೇಟಿನ ಹತ್ತಿರ ನಿಲ್ಲುವವರಲ್ಲಿ ಒಬ್ಬ ಚೀನೀ ಅಜ್ಜನೂ ಇದ್ದ. ನನ್ನ ಇಂಗ್ಲಿಷ್ ಹರಕು, ಅವನಿಗೆ ಅದೂ ಇಲ್ಲ. ಮೊದಲ ದಿನ ತಲೆ ಬಾಗಿಸಿದೆವು. ಆಮೇಲೆ ಚಳಿ ಎಂದು ಕೈ ಉಜ್ಜಿ ತೋರಿಸಿದೆವು. ಮೂರನೇ ವಾರಕ್ಕೆ ಅವನು ಫ್ಲಾಸ್ಕಿನ ಮುಚ್ಚಳದಲ್ಲಿ ಬಿಸಿನೀರು ಬಗ್ಗಿಸಿ ಕೊಟ್ಟ. ನಮ್ಮಿಬ್ಬರ ಪಕ್ಕ ದಿನಾ ಹತ್ತು ನಿಮಿಷ ನಿಂತು ನಿಂತು ಅವನ ಮೊಮ್ಮಗಳು, ಅದೇ ಕೆಂಪು ಶೂ ಹುಡುಗಿ, ನಮ್ಮ ಪುಟ್ಟಿಯ ಜೊತೆ ಒಳಗೆ ನಡೆಯತೊಡಗಿದಳು.

ಒಂದು ಸಂಜೆ ಶಾಲೆ ಬಿಟ್ಟ ಮೇಲೆ ಅಂಗಳದಲ್ಲಿ ಸಿಮೆಂಟಿನ ಮೇಲೆ ಬಿಳಿ ಬಣ್ಣದ ಚೌಕಗಳು ಕಂಡವು. “ತಾತ, ಕುಂಟಾಬಿಲ್ಲೆ!” ಎಂದು ಪುಟ್ಟಿ ಕಿರುಚಿದಳು. ಒಂದು ಚಪ್ಪಟೆ ಕಲ್ಲು ಹುಡುಕಿ ಎಸೆದಳು, ಕುಂಟುತ್ತಾ ಹೋಗಿ ಅದನ್ನು ಕಾಲಿನಿಂದ ತಳ್ಳಿದಳು. ಕೆಂಪು ಶೂ ಹುಡುಗಿ ನೋ ನೋ ಎಂದು ಅಡ್ಡ ಬಂದಳು. ಅವರಲ್ಲಿ ಕಲ್ಲಿದ್ದ ಮನೆ ದಾಟಿ ಹೋಗಿ, ಬರುವಾಗ ಬಗ್ಗಿ ಎತ್ತಿಕೊಳ್ಳಬೇಕು. ಜಗಳ ಶುರುವಾಯಿತು. ಅಷ್ಟು ದಿನ ಬಾಯಿ ಬಿಡದವಳು ಅರ್ಧ ಕನ್ನಡ, ಅರ್ಧ ಇಂಗ್ಲಿಷಿನಲ್ಲಿ ವಾದ ಮಾಡಿದಳು. ಕೊನೆಗೆ ಒಂದು ಆಟ ನಿನ್ನ ಥರ, ಒಂದು ಆಟ ನನ್ನ ಥರ ಎಂದು ರಾಜಿಯಾಯಿತು. ಚೀನೀ ಅಜ್ಜನೂ ನಾನೂ ನಡುವೆ ಹೋಗಲಿಲ್ಲ.

ಅಂದಿನಿಂದ ಮಗನಿಗೆ ನಾನು ಹಾಕಿದ ನಿಯಮ, ವಾರಕ್ಕೆ ಎರಡು ದಿನ ಕಾರು ಬೇಡ. ನಿಲ್ಲು, ಒಬ್ಬರ ಹೆಸರು ಕೇಳು. ಇಂಜಿನಿಯರ್ ಮಗ ಸಂಕೋಚಪಟ್ಟ. ನೀನೇ ಹೋಗಿ ಮಾತಾಡಿಸಲು ನಾಚುವಾಗ ಏಳು ವರ್ಷದವಳನ್ನು ಹೇಗೆ ಗದರುತ್ತೀಯ ಎಂದೆ. ಎಂಟನೇ ಕ್ಲಾಸಿಗೆ ಚಿತ್ರದುರ್ಗದ ಹೈಸ್ಕೂಲು ಸೇರಿ ಹಳ್ಳಿ ಗಮಾರ ಎನಿಸಿಕೊಂಡು ಒಂದು ವರ್ಷ ಕಡೇ ಬೆಂಚಿನಲ್ಲಿ ಒಬ್ಬನೇ ಕೂತವನು ನಾನು. ಆ ನಾಚಿಕೆಯ ರುಚಿ ನನಗೆ ಗೊತ್ತು. ಮನೆಗೆ ಕರೆಯುವುದಾದರೆ ಇಡೀ ಕ್ಲಾಸು ಬೇಡ, ಒಂದೇ ಮಗು, ಒಂದೂವರೆ ಗಂಟೆ, ಮತ್ತೆ ಅದೇ ಮಗು. ಎಷ್ಟು ಹೊತ್ತಿಗೆ ಬಂದು ಕರೆದೊಯ್ಯಬೇಕು ಎಂದು ಮೊದಲೇ ಹೇಳಿಬಿಡುವುದು ಅಲ್ಲಿನ ರೂಢಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ತಿನ್ನಲು ಕೊಡುವ ಮೊದಲು ಅಲರ್ಜಿ ಕೇಳಿ. ಚಿತ್ರದುರ್ಗ ಸೀಮೆಯ ನಮಗೆ ಶೇಂಗಾ ಚಟ್ನಿಪುಡಿ ಇಲ್ಲದೆ ಡಬ್ಬಿ ತುಂಬುವುದಿಲ್ಲ, ಅಲ್ಲಿ ಕೆಲವು ಮಕ್ಕಳಿಗೆ ಶೇಂಗಾ ಪ್ರಾಣಕ್ಕೇ ಕುತ್ತು. ಡಬ್ಬಿಯಿಂದ ಅದನ್ನು ತೆಗೆದ ದಿನ ಮನೆಯವಳಿಗೆ ಆದ ಸಂಕಟ ಬೇರೆಯೇ ಕಥೆ.

ಬೃಂದಾವನ ಎಂಬ ಕನ್ನಡ ಕೂಟ ಅಲ್ಲಿದೆ, ಹೋಗಿ. ಹೋಳಿಗೆ ಸಿಗುತ್ತದೆ, ಮನಸ್ಸಿಗೆ ಹಿತ. ಆದರೆ ಭಾನುವಾರದ ಗೆಳೆಯರನ್ನೇ ನೆಚ್ಚಿದರೆ ಸೋಮವಾರದಿಂದ ಶುಕ್ರವಾರದವರೆಗೆ ಮಗು ಒಂಟಿಯೇ. ಇನ್ನು, ಮಗು ಮನೆಯಲ್ಲೂ ಮಾತು ಬಿಟ್ಟರೆ, ದಿನಾ ಬೆಳಗ್ಗೆ ಹೊಟ್ಟೆನೋವು ಎಂದರೆ, ಊಟ ಬಿಟ್ಟರೆ, ಸರಿಹೋಗುತ್ತದೆ ಎಂದು ಕಾಯಬಾರದು. ಶಾಲೆಯ ಕೌನ್ಸೆಲರ್ ಹತ್ತಿರ ಹೋಗಲು ಮರ್ಯಾದೆ ಅಡ್ಡ ಬರಬಾರದು.

ಊರಲ್ಲಿ ಉಳಿದ ಅಜ್ಜ ಅಜ್ಜಿಯರಿಗೂ ಒಂದು ಮಾತಿದೆ. ಅಲ್ಲಿ ಬೇಸಿಗೆಯಲ್ಲಿ ರಾತ್ರಿ ಎಂಟು ಗಂಟೆಯೆಂದರೆ ನಮಗೆ ಬೆಳಗಿನ ಐದೂವರೆ. ಆ ಹೊತ್ತಿಗೆ ವಿಡಿಯೋ ಕಾಲ್ ಮಾಡಿ, ಬಂದ್ಬಿಡು ಕಂದಾ ಅಂತ ಕಣ್ಣೊರೆಸಿಕೊಂಡರೆ ಮಗು ಅದನ್ನೇ ಹೊದ್ದು ಮಲಗುತ್ತದೆ. ವಾಪಸ್ ಬಂದ ಹೊಸದರಲ್ಲಿ ನಮ್ಮ ಮನೆಯವಳೂ ಹೀಗೇ ಮಾಡಿದಳು, ನಾನು ಬೈದೆ, ಆಮೇಲೆ ನಾನೂ ಅದನ್ನೇ ಮಾಡಿದೆ.

ಮೊನ್ನೆ ಐದೂವರೆಗೆ ನಾನೇ ಕರೆ ಮಾಡಿದೆ. ಪುಟ್ಟಿಯ ಮುಖ ಒಂದು ಕ್ಷಣ ಕಂಡಿತು, ಹಿಂದೆ ಇನ್ನೊಂದು ಹುಡುಗಿಯ ನಗು ಕೇಳಿತು. “ತಾತ, ಆಮೇಲೆ ಮಾಡ್ತೀನಿ, ಅವಳು ಬಂದಿದಾಳೆ” ಎಂದು ಇಟ್ಟೇಬಿಟ್ಟಳು. ಸ್ವಲ್ಪ ಹೊತ್ತು ಫೋನ್ ನೋಡುತ್ತಾ ಕೂತೆ. ಕ್ಯಾನ್ ತಗೊಂಡು ಡೈರಿಗೆ ಹಾಲು ಹಾಕಲು ಹೊರಟೆ.